ಮುದ್ದಯ್ಯನವರ ಮೋಟಾರುಸೈಕಲ್ ಪರೀಕ್ಷೆ

ಮದ್ದೂರಿನಲ್ಲಿ ಮೋಟಾರುಸೈಕಲ್ಲು ನಿಲ್ಲಿಸಿದವನಿಗೆ ಮುದ್ದಯ್ಯನವರ ಪರೀಕ್ಷೆ ತಪ್ಪುತ್ತಿರಲಿಲ್ಲ. ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು, ಉಗುರಿನಿಂದ ಬಣ್ಣ ಕೆರೆದು, "ಇದು ಅಸಲು, ಇದು ಬೇರೆ ಗಾಡೀದು, ಕಸಿ" ಎಂದು ತೀರ್ಪು ಕೊಡುತ್ತ, ಕೊನೆಗೆ ಹಿಂದಿನ ಸೀಟಿನ ಕೆಳಗೆ ಕೈಯಾಡಿಸಿ ಏಳುವರು. ಅಮಲ್ದಾರರ ಗಾಡಿಯ ಚಕ್ರ ಕಸಿಯೆಂದ ಮೇಲೆ ಆ ಸಾಹೇಬರು ಜಟಕಾ ಹಿಡಿದರಂತೆ. ಸಕ್ಕರೆ ಕಾರ್ಖಾನೆಯ ಗುಮಾಸ್ತ ಅಪ್ಪಾಜಿ, ಓಡಿಸಿದ್ದಕ್ಕಿಂತ ತಳ್ಳಿದ್ದೇ ಹೆಚ್ಚಾದ ತನ್ನ ಹಳೆಯ ಬಿ.ಎಸ್.ಎ. ಮೋಟಾರುಸೈಕಲ್ಲು ಅಪ್ಪಟ ಇಂಗ್ಲೆಂಡಿನದೆಂದು ಹೆಣ್ಣಿನ ಮನೆಯಲ್ಲಿ ಸಾರಿ ಬಂದಿದ್ದ. ಅದೂ ಒಂದು ದಿನ ಪರೀಕ್ಷೆಗೆ ಸಿಕ್ಕಿತು. "ಟ್ಯಾಂಕು ನಾರ್ಟನ್ ಗಾಡೀದು, ದೀಪ ಮಿಲಿಟ್ರೀದು, ಮಡ್‌ಗಾರ್ಡು ಸೋಮನಳ್ಳಿ ಕುಲುಮೇದು ಕಣ್ಲಾ. ಬಿ.ಎಸ್.ಎ. ಅನ್ನೋದು ನಿನ್ನ ಬಾಯಲ್ಲಿ ಮಾತ್ರ ಅದೆ," ಎಂದರು ಮುದ್ದಯ್ಯ. "ನಾನಾದ್ರೂ ಅಸಲಾ, ನೋಡೇಳಿ ಮುದ್ದಯ್ನೋರೆ," ಎಂದ ಅಪ್ಪಾಜಿ. ಅವರು ನಗಲಿಲ್ಲ. ಕೈ ಸೀಟಿನ ಕೆಳಗೆ, ಹಿಂದೆ ಕೂತವರು ಕಾಲಿಡಲೆಂದು ಕಬ್ಬಿನ ಗಾಣದ ಕಬ್ಬಿಣ ಬಗ್ಗಿಸಿ ಮಾಡಿದ ಪಟ್ಟಿಯ ಮೇಲೆ ನಿಂತುಬಿಟ್ಟಿತ್ತು. "ಅದಂತೂ ಕಸಿ, ಕಿತ್ತಾಕುಸ್ತೀನಿ ಬುಡಿ," ಎಂದ ಅಪ್ಪಾಜಿ. ಮುದ್ದಯ್ಯ ಪಂಚೆಯಂಚಿನಿಂದ ಅದರ ಮಣ್ಣೊರೆಸಿದರು. "ಮುಟ್ಬ್ಯಾಡ. ನನ್ನ ಹೆಂಡ್ರು ಒಂಬಾಳಿ ಸೀರೆ ಉಟ್ಕೊಂಡು ನನ್ನ ಗಾಡಿ ಹಿಂದೆ ಕೂತಾಗ ಕಾಲಿಡ್ಲಿ ಅಂತ ನಾನೇ ಬಡ್ದಿದ್ದು. ಅವಳು ತೀರ್ಕಂಡ ಮ್ಯಾಲೆ ಗಾಡಿ ಮಾರ್ಬುಟ್ಟೆ; ಬಿಚ್ಚಿ ಬಿಚ್ಚಿ ಎಲ್ಲೆಲ್ಲೋ ಹಂಚೋಯ್ತು. ಇದ್ನೇ ಕಂಡೋರ ಗಾಡೀಲೆಲ್ಲ ತಡಕ್ತಿದ್ದೆ. ನಿನ್ನ ಮನೆಗೆ ಬರೋಳೂ ಇದ್ರ ಮ್ಯಾಲೇ ಕಾಲಿಡ್ಲಿ ಕಣ್ಲಾ. ಈ ಗಾಡೀಲಿ ಇದೊಂದೇ ಅಸಲು."