ಕಿವಿ ಗುಂಯ್ ಎಂದರೆ ಔಷಧಿ ಹಿಡಿದಂತೆ

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ವರ್ಷಗಳಲ್ಲಿ, ಸಿದ್ದಾಪುರದ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಯಾರ ಮೈ ಬಿಸಿಯಾದರೂ ಅದು ಮಲೇರಿಯಾವೇ. ಡಿಸ್ಪೆನ್ಸರಿಯ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, ಕಂಪೌಂಡರ್ ತಮ್ಮ ಕಣ್ಣೆದುರೇ ಕ್ವಿನೈನ್ ಕುಡಿಸುತ್ತಿದ್ದರು. ಕುಡಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ ಔಷಧಿ ಹಿಡಿಯಿತೆಂದು ಅರ್ಥ. ಕಂಪೌಂಡರ್ ಇದನ್ನು ನಂಬಿದ್ದರು, ಲೈನುಮನೆಗಳ ಆಳುಗಳು ನಂಬಿದ್ದರು, ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಮ್ಮ ಅಪ್ಪನೂ ನಂಬಿದ್ದರು. ಆ ನಂಬಿಕೆ ನನ್ನ ಅಕ್ಕನನ್ನು ತಿಂದಿತು.

ಇಷ್ಟು ಬರೆದು ಕೈ ನಿಲ್ಲುತ್ತದೆ. ತಿಂದದ್ದು ನಂಬಿಕೆಯೋ ರೋಗವೋ? ಮುಂದೆ ಮೈಸೂರಿನಲ್ಲಿ ಓದುವಾಗ, ಕಾರಣವನ್ನೂ ಅಪರಾಧವನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ಕಲಿತೆ. ಆದರೂ ಆ ವಾಕ್ಯವನ್ನು ಹೊಡೆದುಹಾಕಲು ಮನಸ್ಸಿಲ್ಲ.

ಅಕ್ಕನ ದವಡೆಹಲ್ಲು ಹುಳುಕಾಗಿತ್ತು. ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಕೂರುತ್ತಿದ್ದ. ಅವನ ಹತ್ತಿರ ಕೀಳಿಸಿದರು. ಸ್ವಲ್ಪ ದಿನಕ್ಕೆ ಜ್ವರ ಶುರುವಾಯಿತು. ಗಡಗಡ ನಡುಗುವ ಜ್ವರವಲ್ಲ. ಸಂಜೆಯಾದರೆ ಮೈ ಕಾವೇರುವುದು, ಬೆಳಿಗ್ಗೆ ಬೆವರಿ ಇಳಿಯುವುದು. ಊಟ ಸೇರದೆ ರವಿಕೆ ತೋಳಿನಲ್ಲಿ ಜೋಲತೊಡಗಿತು. ನಮ್ಮ ಮನೆಯಲ್ಲಿ ಅವಳಷ್ಟು ಚುರುಕು ನಾಲಿಗೆ ಯಾರಿಗೂ ಇರಲಿಲ್ಲ. ಕಂಪೌಂಡರ್ ಬಾಟಲಿ ಹಿಡಿದು ಬಂದಾಗ ಅವರೆದುರೇ ಹೇಳಿದಳು:

"ನಿಮ್ ಔಷಧೀಗೆ ಹೆದ್ರಿ ಜ್ವರ ಓಡ್ತದೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ನಾನೇ ಓಡ್ಬೇಕು."

"ಕಿವಿ ಗುಂಯ್ ಅಂತದಾ ತಂಗಿ?"

"ಅಂತದೆ. ಜೇನುಹುಳ ಹೊಕ್ಕಂಗೆ."

"ನೋಡಿ ರೈಟ್ರೇ, ಹಿಡೀತು," ಎಂದು ಕಂಪೌಂಡರ್ ಅಪ್ಪನ ಕಡೆ ತಿರುಗಿದರು. ಅಪ್ಪ ತಲೆಯಾಡಿಸಿದರು.

ಆಮೇಲೆ ಉಗುರಿನಡಿ ಕೆಂಪು ಗೆರೆಗಳು ಕಂಡವು, ಸಣ್ಣ ಮುಳ್ಳು ಮುರಿದು ಕೂತ ಹಾಗೆ. ಅವ್ವ ಅವಳನ್ನು ಬಿಸಿಲಿಗೆ ಕೂರಿಸಿ ಸೇಫ್ಟಿಪಿನ್ನಿನಿಂದ ಕೆದಕಿದಳು. "ಯಾವ್ ಬೇಲಿಗೆ ಕೈ ಹಾಕ್ದೆಯೇ?" ಎಂದಳು. "ಎದ್ದು ನಿಂತ್ಕಳಕ್ಕೆ ಆಯ್ತಿಲ್ಲ, ಬೇಲಿಗೆ ಎಲ್ಲಿ ಹೋಗ್ಲಿ ಅವ್ವ?" ಎಂದಳು ಅಕ್ಕ. ರಕ್ತ ಬಂತು, ಮುಳ್ಳು ಬರಲಿಲ್ಲ. ಆ ಪಿನ್ನಿನ ಹೊಳಪು ನನಗೆ ನೆನಪಿದೆ. ಎಷ್ಟು ಸ್ಪಷ್ಟವಾಗಿದೆಯೆಂದರೆ, ಆ ನೆನಪಿನ ಮೇಲೆಯೇ ನನಗೆ ಅನುಮಾನ.

ವಿರಾಜಪೇಟೆಯ ಬಸ್ಸು ಎಸ್ಟೇಟಿನ ಗೇಟಿನ ಮುಂದೆಯೇ ದಿನಾ ಹೋಗುತ್ತಿತ್ತು. ಹಾರನ್ ಮನೆಯೊಳಗೇ ಕೇಳಿಸುತ್ತಿತ್ತು. "ದೊಡ್ಡ ಡಾಕ್ಟ್ರಿಗೆ ತೋರ್ಸಾನ," ಎಂದು ಅವ್ವ ಅಂದಳು. ಅಪ್ಪ ದನಿ ತಗ್ಗಿಸಿ ಹೇಳಿದರು: "ಕಂಪೌಂಡರನ್ನ ಮೀರಿ ಹೋದ್ರೆ ನಾಳೆ ಅವರ ಮುಖ ಹೆಂಗೆ ನೋಡೋದು? ದಿನಾ ಒಂದೇ ಬೆಂಚಲ್ಲಿ ಕೂತ್ಕಂಡು ಕಾಫಿ ಕುಡಿಯೋರು ನಾವು." ಆ ಬೆಂಚನ್ನು ಸುಟ್ಟುಹಾಕಬೇಕು ಅನಿಸುತ್ತದೆ ನನಗೆ, ಈಗಲೂ.

ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದ ಅಕ್ಕನ ಬಲಗೈಯಿಂದ ಬಾಚಣಿಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ಕುಸಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಏನೋ ಹೇಳಲು ಹೋದಳು. ಬರೀ ಶಬ್ದ ಬಂತು. ಆಗ ಮಾತ್ರ ಎಸ್ಟೇಟಿನ ಜೀಪು ಹೊರಟಿತು.

ಮಡಿಕೇರಿಯ ಆಸ್ಪತ್ರೆಯ ಡಾಕ್ಟರು ಮೊದಲು ಉಗುರು ನೋಡಿದರು, ಆಮೇಲೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಚಿಕ್ಕವಳಿದ್ದಾಗ ಕೀಲು ಊದಿತ್ತಾ? ಈಚೆಗೆ ಹಲ್ಲು ಕೀಳಿಸಿದ್ರಾ?" ಎರಡಕ್ಕೂ ಅವ್ವ ಹೌದೆಂದಳು. ಬಾಲ್ಯದ ಕೀಲುಜ್ವರ ಅವಳ ಹೃದಯದ ಕವಾಟವನ್ನು ಸದ್ದಿಲ್ಲದೆ ಹಾಳುಮಾಡಿತ್ತು. ಹಲ್ಲು ಕಿತ್ತಾಗ ರಕ್ತಕ್ಕೆ ಸೇರಿದ ಕ್ರಿಮಿಗಳು ಅಲ್ಲಿ ನೆಲೆಯೂರಿ, ಗಂಟುಗಂಟಾಗಿ ಬೆಳೆದಿದ್ದವು. ಅದರ ಒಂದು ಚೂರು ಕಳಚಿ ಮೆದುಳಿಗೆ ಹೋಗಿತ್ತು. ಉಗುರಿನಡಿಯ ಕೆಂಪು ಗೆರೆಗಳೂ ಅದರದೇ ಗುರುತು. ಕ್ವಿನೈನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

"ಪೆನ್ಸಿಲಿನ್ ಇದೆಯಲ್ಲಮ್ಮ ಈಗ. ಮುಂಚೆ ಯಾಕೆ ಬರಲಿಲ್ಲ?" ಎಂದು ಡಾಕ್ಟರು ಕೇಳಿದರಂತೆ. ನಾನು ಹೊರಗೆ ಜಗಲಿಯಲ್ಲಿದ್ದೆ. ಅವ್ವ ಆಮೇಲೆ ಹೇಳಿದ್ದಿರಬೇಕು. ವರ್ಷಗಳು ಕಳೆದ ಹಾಗೆ ಆ ಪ್ರಶ್ನೆ ನನ್ನದೇ ದನಿಯಲ್ಲಿ ಕೇಳಿಸತೊಡಗಿದೆ. ಪಕ್ಕದಲ್ಲಿದ್ದ ಅಪ್ಪ ಏನು ಉತ್ತರ ಕೊಟ್ಟರೆಂದು ಅವ್ವ ಯಾವತ್ತೂ ಹೇಳಲಿಲ್ಲ.

ವಾರಗಟ್ಟಲೆ, ಹೊತ್ತುಹೊತ್ತಿಗೆ ಸೂಜಿ ಚುಚ್ಚಿದರು. ಜ್ವರ ನಿಜಕ್ಕೂ ಹೋಯಿತು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಕವಾಟ ಸೋರುತ್ತಲೇ ಇತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತೆಂದು ದಿಂಬುಗಳಿಗೆ ಒರಗಿಯೇ ಮಲಗುತ್ತಿದ್ದಳು. ಹೀಗೆ ಎರಡು ವರ್ಷವೂ ಬದುಕಲಿಲ್ಲ.

ಆ ನಡುವೆ ಒಮ್ಮೆ, ಮಳೆ ಶುರುವಾದಾಗ, ಅವಳಿಗೆ ನೆಗಡಿಯಾಗಿ ಮೈ ಸ್ವಲ್ಪ ಬಿಸಿಯಾಯಿತು. ಅಪ್ಪ ಹೇಳಿಕಳಿಸಿದರೋ, ಕಂಪೌಂಡರೇ ಬಂದರೋ ಗೊತ್ತಿಲ್ಲ. ಅದೇ ಬಾಟಲಿ, ಅದೇ ಗಾಜಿನ ಲೋಟ. "ಮಳೆ ಹಿಡೀತಲ್ಲ ತಂಗಿ, ಸೊಳ್ಳೆ ಕಾಲ. ಒಂದ್ ಡೋಸ್ ಕುಡಿದ್ಬಿಡು," ಎಂದು ಲೋಟವನ್ನು ಅವಳ ಬಾಯಿಯ ಹತ್ತಿರ ತಂದರು. ಅಪ್ಪ ಅವಳ ತಲೆ ಎತ್ತಿ ಹಿಡಿದರು.

ಅಕ್ಕ ಎಡಗೈ ಬೀಸಿದಳು. ಲೋಟ ಗೋಡೆಗೆ ಬಡಿದು ಒಡೆಯಿತು.

"ಪಾಪ, ಎಡಗೈ ಅಭ್ಯಾಸ ಇಲ್ಲ ನೋಡಿ," ಎಂದರು ಅಪ್ಪ, ಕಂಪೌಂಡರಿಗೆ ನೋವಾಗದಿರಲೆಂದು. ಇರಬಹುದು. ನನಗೆ ಬೇಕಾದದ್ದನ್ನು ನಾನು ಕಂಡಿರಬಹುದು. ಆದರೆ ಅವಳ ಕಣ್ಣು ಲೋಟದ ಮೇಲಿರಲಿಲ್ಲ, ಅಪ್ಪನ ಮುಖದ ಮೇಲಿತ್ತು. ಕಂಪೌಂಡರ್ ಎರಡನೆಯ ಡೋಸ್ ಸುರಿಯಲು ಬಾಟಲಿಯ ಬಿರಡೆ ತೆಗೆದರು. ಅವ್ವ ಎದ್ದು ಬಂದು ಅವರ ಕೈಯಿಂದ ಬಾಟಲಿ ಕಸಿದು ಅಂಗಳಕ್ಕೆ ಸುರಿದಳು. ಅಪ್ಪ ಅಕ್ಕನ ತಲೆಯನ್ನು ಮೆಲ್ಲಗೆ ದಿಂಬಿಗೆ ಒರಗಿಸಿದರು.