ಸರೋಜಕ್ಕನ ಚೀಟಿ

ತಲ್ಲೂರಿನ ಸರೋಜಕ್ಕ ಇಪ್ಪತ್ತೊಂಬತ್ತು ವರ್ಷ ಗೇರುಬೀಜದ ಕಾರ್ಖಾನೆಗೆ ಹೋದವರು. ಮೊದಲು ಇಡಿ ಬೀಜ, ಹೋಳು, ತುಂಡು ಎಂದು ಬೇರ್ಪಡಿಸುವ ಮೇಜಿನಲ್ಲಿ, ಆಮೇಲೆ ಸಿಪ್ಪೆ ಸುಲಿಯುವ ಸಾಲಿನಲ್ಲಿ. ಬೀಜದ ಓಡಿನ ಗೇರೆಣ್ಣೆ ತಾಗಿ ಸುಟ್ಟ ಬೆರಳ ತುದಿಗಳು ಇವತ್ತಿಗೂ ಕಪ್ಪಾಗಿಯೇ ಇವೆ. ಐದು ವರ್ಷದ ಹಿಂದೆ ಸುಲಿಯುವ ಯಂತ್ರ ಬಂತು. ಒಂದು ಶನಿವಾರ ನಲವತ್ತು ಹೆಂಗಸರನ್ನು ಅಂಗಳದಲ್ಲಿ ನಿಲ್ಲಿಸಿ, ಸೋಮವಾರದಿಂದ ಬರುವುದು ಬೇಡ ಎಂದರು. ತಲೆಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸರೋಜಕ್ಕ ಆ ಗಡಿಯಾರವನ್ನು ಡಬ್ಬದಿಂದ ಹೊರಗೆ ತೆಗೆಯಲೇ ಇಲ್ಲ.

ಕಳೆದ ವರ್ಷ ಕುಂದಾಪುರದಲ್ಲಿ ‘ಹಸಿರುಬುತ್ತಿ’ ಅಂಗಡಿ ತೆರೆಯಿತು. ಬ್ರಹ್ಮಾವರದಲ್ಲಿ ಶುರುವಾಗಿ ಬೈಂದೂರಿನವರೆಗೆ ಅದರ ಮಳಿಗೆಗಳಿವೆ. ಗಾಣದ ಎಣ್ಣೆ, ಕೆಂಪು ಕುಚ್ಚಲಕ್ಕಿ, ಓಲೆಬೆಲ್ಲ, ಎಲ್ಲವೂ ಊರಿನದು ಎಂಬುದೇ ಅವರ ಹೆಗ್ಗಳಿಕೆ. ಅಣ್ಣನ ಮಗಳು ಸುಪ್ರೀತಾಳ ಸೀಮಂತದ ಪಾಯಸಕ್ಕೆಂದು ಸರೋಜಕ್ಕ ಅಲ್ಲಿಂದ ಒಂದು ಪೊಟ್ಟಣ ಗೇರುಬೀಜ ತಂದರು. ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ಕುಂದಾಪುರದ ತಾಯಂದಿರು ಕೈಯಲ್ಲೇ ಸುಲಿದದ್ದು’.

ಮನೆಗೆ ಬಂದು ಪೊಟ್ಟಣ ಒಡೆದು ತಟ್ಟೆಗೆ ಸುರಿದರು. ಒಂದು ಬೀಜ ಹಿಡಿದು ಹೊರಳಿಸಿದರು, ಇನ್ನೊಂದನ್ನು ಹೊರಳಿಸಿದರು. ತುದಿಗಳು ಉಜ್ಜಿಹೋಗಿದ್ದವು. ಬಾಗಿದ ಹೊಟ್ಟೆಯ ಸಂದಿನಲ್ಲಿ ಕೆಂಪು ಸಿಪ್ಪೆ ಹಾಗೇ ಕೂತಿತ್ತು. ಕೈಯಲ್ಲಿ ಸುಲಿಯುವವರು ಆ ಸಂದನ್ನೇ ಮೊದಲು ಚೂರಿಯ ಮೊನೆಯಿಂದ ಬಿಡಿಸುತ್ತಾರೆ.

“ಇದ್ ಮಿಷನಿನದ್ದ್!” ಎಂದು ಕೂಗಿದರು.

“ಇರ್ಲಿ ಬಿಡಿ ಅತ್ತೆ, ಪಾಯ್ಸಕ್ಕೆ ಎಂತಾರೂ ಆತ್ತ್,” ಎಂದಳು ಸುಪ್ರೀತಾ.

“ಎಂತಾರೂ ಆತ್ತಾ? ಮಿಷನ್ ಬಂತ್ ಅಂದ್ಕಂಡ್ ನಮ್ಮನ್ ಮನಿಗ್ ಕಳ್ಸ್ರ್. ಈಗ ಮಿಷನಿನ ಬೀಜಕ್ಕೆ ನಮ್ ಕೈ ಹೆಸ್ರಾ?”

ಮರುದಿನ ಬೆಳಿಗ್ಗೆಯೇ ಪೊಟ್ಟಣ ಹಿಡಿದು ಬಸ್ಸು ಹತ್ತಿದರು. ಅಂಗಡಿಯ ಮ್ಯಾನೇಜರ್ ರಂಜನ್, ಸಾಲಿಗ್ರಾಮದವನು, ಮೂವತ್ತರ ಪ್ರಾಯ. ನಗುನಗುತ್ತಲೇ ಕೇಳಿಸಿಕೊಂಡ.

“ಅಕ್ಕಾ, ಪೊಟ್ಟಣ ಮೇಲಿಂದ ಬಪ್ಪುದ್. ನಂಗೆ ಗೊತ್ತಿಲ್ಲೆ. ನಿಮ್ಗೆ ಎಂತ ಅನ್ಸ್ತೋ ಅಲ್ಲಿ ಬರ್ದ್ ಹಾಕಿ.”

ಅವನು ತೋರಿಸಿದ ಕಡೆ ‘ನಮ್ಮ ಗ್ರಾಹಕರ ಮಾತು’ ಎಂಬ ಹಲಗೆಯಿತ್ತು. ಅದರ ತುಂಬ ಬಣ್ಣದ ಚೀಟಿಗಳು. ‘ಅಜ್ಜಿಮನೆಯ ನೆನಪಾಯಿತು’, ‘ಶುದ್ಧ ಅಂದರೆ ಇದು’, ‘ಮುಂಬೈಗೂ ಕಳಿಸಿಕೊಡಿ’. ಸರೋಜಕ್ಕ ಒಂದೊಂದನ್ನೂ ಓದಿದರು. ಬೈದದ್ದು ಒಂದೂ ಇರಲಿಲ್ಲ. ಚೀಟಿ ತೆಗೆದುಕೊಂಡು ನಿಂತಲ್ಲೇ ಬರೆದರು: ‘ನಿಮ್ಮ ತೆಂಗಿನೆಣ್ಣೆ ಒಳ್ಳೆಯದಿದೆ. ಬೀಜ ಕೈಯಲ್ಲಿ ಸುಲಿದದ್ದಲ್ಲ, ಯಂತ್ರದ್ದು. ಇಪ್ಪತ್ತೊಂಬತ್ತು ವರ್ಷ ಬೀಜದ ಕೆಲಸ ಮಾಡಿದವಳು ಹೇಳುತ್ತಿದ್ದೇನೆ. ಸರೋಜ, ತಲ್ಲೂರು.’ ಅದನ್ನು ಹಲಗೆಯ ನಟ್ಟನಡುವೆ ಚುಚ್ಚಿದರು.

ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ಚೀಟಿ ಇಲ್ಲ. ಆ ಜಾಗದಲ್ಲಿ ಯಾರೋ ಜೋನಿಬೆಲ್ಲವನ್ನು ಹೊಗಳಿ ಬರೆದದ್ದಿತ್ತು. ಸರೋಜಕ್ಕ ಇನ್ನೊಂದು ಬರೆದರು. ಅದೂ ಹೋಯಿತು. ಮೂರನೆಯ ಸಲ ನೇರ ರಂಜನನ ಮುಂದೆ ನಿಂತರು.

“ಹ್ವಾಯ್, ಒಳ್ಳೇದ್ ಹೇಳ್ದವ್ರ್ ಮಾತ್ರ ಗಿರಾಕಿಗಳಾ? ನಾನ್ ದುಡ್ ಕೊಟ್ಟದ್ದ್ ಅಲ್ದಾ?”

“ಅಕ್ಕಾ, ಸಣ್ಣಕ್ ಮಾತಾಡಿ. ಜನ ಇದ್ದೊ.”

“ಜನ ಇದ್ದೊ ಅಂದೇ ಹೇಳುದ್!”

ಜನ ನಿಜವಾಗಿಯೂ ಇದ್ದರು. ಎಣ್ಣೆ ಬಾಟಲಿ ಹಿಡಿದಿದ್ದ ಒಬ್ಬ ಹೆಂಗಸು ಹತ್ತಿರ ಬಂದು, “ಹೆಂಗೆ ಗೊತ್ತಾತ್ತ್ ಅಕ್ಕ?” ಎಂದು ಕೇಳಿದರು. ಸರೋಜಕ್ಕ ತಾವು ತಂದಿದ್ದ ಪೊಟ್ಟಣದಿಂದ ಅವರ ಅಂಗೈಗೆ ಎರಡು ಬೀಜ ಹಾಕಿ ಸಂದಿನ ಸಿಪ್ಪೆ ತೋರಿಸಿದರು. ಆ ಹೆಂಗಸು ತನ್ನ ಬುಟ್ಟಿಯಲ್ಲಿದ್ದ ಗೇರುಬೀಜದ ಪೊಟ್ಟಣವನ್ನು ಹಿಂದಕ್ಕಿಟ್ಟರು.

ಮುಂದಿನ ಭಾನುವಾರ ಸರೋಜಕ್ಕ ಒಬ್ಬರೇ ಹೋಗಲಿಲ್ಲ. ಸುಲಿಯುವ ಸಾಲಿನಲ್ಲಿ ಪಕ್ಕ ಕೂರುತ್ತಿದ್ದ ಸುಗುಣ ಹಾಗೂ ಹಳೆಯ ಜೊತೆಗಾರ್ತಿಯರು ಸೇರಿ ಹನ್ನೊಂದು ಮಂದಿ. ಗಲಾಟೆ ಮಾಡಲಿಲ್ಲ. ಸಾಲಾಗಿ ನಿಂತು ಒಬ್ಬೊಬ್ಬರೂ ಒಂದೊಂದು ಚೀಟಿ ಬರೆದು ಹಲಗೆಗೆ ಚುಚ್ಚಿದರು. ಹೆಸರು, ಊರು, ಎಷ್ಟು ವರ್ಷ ಸುಲಿದದ್ದು, ಕೊನೆಗೆ ‘ಈ ಬೀಜ ನಾನು ಸುಲಿದದ್ದಲ್ಲ’. ಸುಗುಣರಿಗೆ ಬರೆಯಲು ಬಾರದು. ಅವರ ಚೀಟಿಯನ್ನು ಸರೋಜಕ್ಕ ಬರೆದರು, ಸುಗುಣ ಹೆಬ್ಬೆಟ್ಟು ಒತ್ತಿದರು. ಅಂಗಡಿಯಲ್ಲಿದ್ದವರು ಫೋಟೊ ತೆಗೆದರು. ಸಂಜೆಯೊಳಗೆ ಆ ಫೋಟೊ ಕೋಟದಿಂದ ಶಿರೂರಿನವರೆಗೂ ಮೊಬೈಲುಗಳಲ್ಲಿ ಓಡಾಡಿತು.

ಮಂಗಳವಾರ ಬ್ರಹ್ಮಾವರದ ಕಚೇರಿಯಿಂದ ಸೌಜನ್ಯ ಎಂಬಾಕೆ ಕಾರಿನಲ್ಲಿ ತಲ್ಲೂರಿಗೆ ಬಂದಳು. ಹಣ್ಣಿನ ಬುಟ್ಟಿ ತಂದಿದ್ದಳು. ಬಹಳ ನಯವಾಗಿ ಮಾತಾಡಿದಳು.

“ಅಮ್ಮಾ, ನಿಮ್ಮಂಥವರೇ ನಮಗೆ ಸ್ಫೂರ್ತಿ. ಪೊಟ್ಟಣದ ಮೇಲೆ ನಿಮ್ಮ ಫೋಟೊ ಹಾಕೋಣ ಅಂತಿದ್ದೇವೆ. ಒಂದು ಗೌರವಧನವೂ ಇರುತ್ತದೆ.”

“ಬೀಜ ಯಾರ್ ಸುಲಿತ್ರ್?”

ಸೌಜನ್ಯ ಹಣ್ಣಿನ ಬುಟ್ಟಿಯನ್ನು ಮುಂದೆ ಸರಿಸಿದಳು. “ಅದು... ಈಗಿನಂತೆಯೇ.”

ಸರೋಜಕ್ಕ ಎದ್ದು ನಿಂತರು. “ಕೆಲ್ಸ ಮಿಷನಿಗೆ, ಮುಖ ಮಾತ್ರ ನಂದಾ? ಕೈ ಬೇಡ, ಕೈಯ ಫೋಟೊ ಬೇಕಾ ನಿಮ್ಗೆ? ಹಣ್ಣ್ ತಕಂಡ್ ಹೋಯ್ನಿ ಮಗಾ. ಆ ಸುಳ್ಳ್ ಅಳ್ಸಿ, ಅಷ್ಟ್ ಸಾಕ್.”

ಹದಿನೈದು ದಿನದಲ್ಲಿ ಎಲ್ಲ ಮಳಿಗೆಗಳ ಪೊಟ್ಟಣಗಳಲ್ಲಿ ‘ಕೈಯಲ್ಲೇ ಸುಲಿದದ್ದು’ ಎಂಬ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿದರು. ಹೊಸ ಪೊಟ್ಟಣದಲ್ಲಿ ‘ಆಯ್ದ ಗೇರುಬೀಜ’ ಎಂದಷ್ಟೇ ಇದೆ. ಗ್ರಾಹಕರ ಹಲಗೆಯನ್ನು ತೆಗೆದು ಅಲ್ಲಿ ಜೇನಿನ ಬಾಟಲಿ ಜೋಡಿಸಿದ್ದಾರೆ. ಕೆಲಸಕ್ಕೆ ಮಾತ್ರ ಯಾರನ್ನೂ ಕರೆಯಲಿಲ್ಲ.

ಸರೋಜಕ್ಕ ತೆಂಗಿನೆಣ್ಣೆಗೆ ಈಗಲೂ ಅಲ್ಲಿಗೇ ಹೋಗುತ್ತಾರೆ. ಎಣ್ಣೆಯ ಮೇಲೆ ಅವರಿಗೆ ಸಿಟ್ಟಿಲ್ಲ. ಬಸ್ಸಿನಲ್ಲಿ ಯಾರಾದರೂ, ಗೆದ್ದಿರಿ ಅಲ್ಲವೇ ಎಂದರೆ ಮಾತ್ರ ಮುಖ ಕೆಂಪಾಗುತ್ತದೆ.

“ಎಂತ ಗೆದ್ದದ್ದ್? ಸುಳ್ಳಿನ್ ಮೇಲೆ ಚೀಟಿ ಅಂಟ್ಸ್ರ್. ತಪ್ಪಾಯ್ತ್ ಅಂದ್ಕಂಡ್ ಒಬ್ರ್ ಬಾಯಗೂ ಬರ್ಲಿಲ್ಲೆ.”