ಮಾವೋರಿಯ ಪರ ಗೆದ್ದ ಮೇಲೆ

ಮಾವೋರಿಯಲ್ಲಾಗಲಿ ಕೆಚುವಾದಲ್ಲಾಗಲಿ ನನಗೆ ಒಂದು ವಾಕ್ಯವೂ ಬರುವುದಿಲ್ಲ. ಆದರೂ ಆ ಎರಡು ಭಾಷೆಗಳ ಬಗ್ಗೆ ಮುಧೋಳದ ಒಂದು ವೇದಿಕೆಯ ಮೇಲೆ ಆರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಮೊದಲ ಬಹುಮಾನ ತಂದೆ. ಚರ್ಚಾಸ್ಪರ್ಧೆಯೆಂದರೆ ಹಾಗೆಯೇ. ವಿಷಯ ಗೊತ್ತಿರಬೇಕೆಂದಿಲ್ಲ, ಎದುರಿನವರು ಎಲ್ಲಿ ಎಡವುತ್ತಾರೆಂದು ಗೊತ್ತಿದ್ದರೆ ಸಾಕು.

ಭಾಷೆಯನ್ನು ಉಳಿಸುವುದು ಆಡುವವರ ಸಂಖ್ಯೆ ಎಂಬುದು ಅಂದಿನ ವಿಷಯ. ನನಗೆ ವಿರೋಧದ ಪಾಳಿ. ಜಮಖಂಡಿಯ ಕಾಲೇಜಿನಿಂದ ನಮ್ಮೂರು ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ಫೋನು ಹಿಡಿದು ಓದಿಯೇ ತಯಾರಾದೆ. ಆಂಡಿಸ್ ಬೆಟ್ಟಗಳ ಕೆಚುವಾವನ್ನು ಲಕ್ಷಗಟ್ಟಲೆ ಜನ ಆಡುತ್ತಾರೆ. ಕನ್ನಡದಂತೆ ಪದದ ಬೆನ್ನಿಗೆ ಪ್ರತ್ಯಯ ಪೋಣಿಸುತ್ತ ಹೋಗುವ ಭಾಷೆ. ಹೇಳುವವನು ಕಣ್ಣಾರೆ ಕಂಡದ್ದೋ ಯಾರೋ ಹೇಳಿ ಕೇಳಿದ್ದೋ ಎಂಬುದನ್ನೂ ಅದು ಪ್ರತ್ಯಯದಲ್ಲೇ ಹೇಳಿಬಿಡುತ್ತದೆ. ನ್ಯೂಜಿಲೆಂಡಿನ ಮಾವೋರಿಯಲ್ಲಿ ಧ್ವನಿಗಳೇ ಕಡಿಮೆ, ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ, ಆಡುವವರು ಕೆಚುವಾದ ಮುಂದೆ ಒಂದು ಹಿಡಿ. ಎರಡೂ ಕಡೆ ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳು ಪೆಟ್ಟು ತಿಂದಿದ್ದಾರೆ. ಆದರೆ ಮಾತು ಸಾಯುತ್ತಿದೆ ಎಂದು ಗೊತ್ತಾದಾಗ ಮಾವೋರಿ ಜನ ಇನ್ನೂ ಶಾಲೆ ಕಾಣದ ಕೂಸುಗಳನ್ನು ಹಿರಿಯರ ಕೈಗೆ ಕೊಟ್ಟರು. ಅಲ್ಲಿ ಮಾವೋರಿ ಬಿಟ್ಟು ಬೇರೆ ಮಾತಿಲ್ಲ. ಅದಕ್ಕೆ ಭಾಷೆಯ ಗೂಡು ಎಂದು ಹೆಸರು. ಕೆಚುವಾದ ಎಷ್ಟೋ ತಾಯಂದಿರು ಪಟ್ಟಣ ಸೇರಿದ ಮೇಲೆ ಮಕ್ಕಳ ಜೊತೆ ತಮಗೇ ನೆಟ್ಟಗೆ ಬಾರದ ಸ್ಪ್ಯಾನಿಷ್ ಆಡತೊಡಗಿದರು. "ಆದ್ದರಿಂದ ಭಾಷೆಗೆ ಬೇಕಾದದ್ದು ಕೋಟಿ ತಲೆಗಳಲ್ಲ, ಒಬ್ಬ ಅಜ್ಜಿ" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

ನಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾಳೆ. ಆಯಿ ಎನ್ನುತ್ತೇವೆ.

ನಡುಮನೆಯ ಗೋಡೆಯಾಚೆಗೇ ನಮ್ಮ ನಾಲ್ಕು ಪಾವರ್‌ಲೂಮುಗಳು. ಅವು ಓಡುವಾಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಕೈಸನ್ನೆ ಮಾಡುತ್ತೇವೆ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಮಾತೆಲ್ಲ ಕರೆಂಟು ಹೋದಾಗ. ನಾನು ಮಾತು ಕಲಿತದ್ದೇ ಹಾಗೆ. ಮಗ್ಗ ನಿಂತಿತೆಂದರೆ ಆಯಿ ನೂಲು ಸುತ್ತುವುದನ್ನು ಬಿಟ್ಟು, ನಿನ್ನೆ ಅರ್ಧಕ್ಕೆ ನಿಂತ ಕತೆಯನ್ನು ಅದೇ ಜಾಗದಿಂದ ಎತ್ತಿಕೊಳ್ಳುತ್ತಿದ್ದಳು. ಈಗ ಕರೆಂಟು ಹೋಗುವುದು ಕಡಿಮೆ. ಊರು ಸುಧಾರಿಸಿತು, ಮನೆಯಲ್ಲಿ ಮಾತು ಕಡಿಮೆಯಾಯಿತು. ಈ ವಿಷಯ ಕೊಟ್ಟರೂ ನಾನು ಎರಡೂ ಪಾಳಿಯಲ್ಲಿ ವಾದಿಸಬಲ್ಲೆ.

ಬಹುಮಾನ ಬಂದ ವಾರದಲ್ಲೇ ಅಣ್ಣನ ಮಗಳನ್ನು, ಮೂರೂವರೆ ವರ್ಷದವಳನ್ನು, ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಲೆಂದು ಅವಳ ಅಪ್ಪ ಅಮ್ಮ ಕರೆದುಕೊಂಡು ಹೋದರು. ಟೀಚರು ಕಾಗೆಯ ಚಿತ್ರ ತೋರಿಸಿದರಂತೆ. "ಇದು ನಮ್ಮ ಆಯಿ ರೊಟ್ಟಿ ಕದ್ದೊಯ್ದಿತ್ರಿ, ಭಾಳ ಕಳ್ಳ ಐತ್ರಿ ಇದು" ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲವಂತೆ. ಟೀಚರು ನಕ್ಕು, ಮನೆಯಲ್ಲಿ ಈ ಮಾತು ಬಿಡಿಸಿ ಮುಂದಿನ ವರ್ಷ ಕರೆತನ್ನಿ ಎಂದರಂತೆ.

ಅಂದು ಸಂಜೆ ಮಗ್ಗ ನಿಂತ ಕೂಡಲೇ ಅಣ್ಣನ ಹೆಂಡತಿ, ನನ್ನ ವೈನಿ, ಆಯಿಗೆ ಹೇಳಿದಳು: "ಇನ್ನಮ್ಯಾಲೆ ಆಕಿ ಕೂಡ ಇಂಗ್ಲಿಷ್‌ನ್ಯಾಗ ಮಾತಾಡ್ರಿ. ಬರ್ಲಿಲ್ಲಂದ್ರ ಸುಮ್ಮನ ಇರ್ರಿ."

ನಾನು ಬಿಡುತ್ತೇನೆಯೇ? "ವೈನಿ, ಇಲ್ಲಿ ಕೇಳ್ರಿ. ಮಾವೋರಿ ಮಂದಿ ಏನ ಮಾಡಿದ್ರಂದ್ರ..."

"ಯಾರವ್ರು? ಇಲ್ಲೇ ರಬಕವಿ ಕಡೆಯವ್ರೇನ?"

ಎಲ್ಲ ಹೇಳಿದೆ. ಗೂಡು, ಅಜ್ಜಿಯರು, ಕೆಚುವಾ ತಾಯಂದಿರು. ವೈನಿ ಬಟ್ಟೆ ಮಡಚುತ್ತ ಪೂರ್ತಿ ಕೇಳಿದಳು.

"ಆ ಕೂಸುಗೋಳ ಓಣಿ ತುಂಬ ಇಂಗ್ಲಿಷೇ ಇತ್ತಲ್ಲ? ಅಜ್ಜಿ ಕಡೆ ಬಿಟ್ರ ಅವರದೇನ ಹೋಗ್ತಿತ್ತು? ನಮ್ಮದು ಹಂಗೈತೇನ?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಮುಂದುವರಿಸಿದಳು: "ಈ ಕತಿ ಎಲ್ಲಾ ನೀ ಯಾವ ಭಾಷಾದಾಗ ಓದಿದಿ, ಹೇಳ ನೋಡೂಣು. ಬಹುಮಾನ ಯಾವ ಭಾಷಾಕ್ಕ ಕೊಟ್ರು? ನಿನಗ ಬೇಕು, ನನ್ನ ಮಗಳಿಗೆ ಬ್ಯಾಡ. ಹೌದಿಲ್ಲೋ?"

ಅಣ್ಣ ನನ್ನ ಕಡೆ ನೋಡಿ ನಕ್ಕ. "ಬಿಡ ಬೇ. ಕನ್ನಡಾ ಮಾತಾಡವ್ರು ಕೋಟಿಗಟ್ಲೆ ಅದಾರ, ಏನಾಗತೈತಿ ಅದಕ್ಕ?"

ಅದು ಮುಧೋಳದಲ್ಲಿ ನಾನು ಸೋಲಿಸಿದ ವಾದ. ಮನೆಯಲ್ಲಿ ಅದೇ ಗೆದ್ದಿತು.

ಉಳಿದವಳು ಆಯಿ. ವೈನಿ ಇಲ್ಲದ ಹೊತ್ತಿನಲ್ಲಾದರೂ ನಿನ್ನ ಮಾತು ಆಡು ಎಂದು ಅವಳಿಗೆ ಹೇಳಿದೆ.

"ಹುಚ್ಚಿ ಅದಿ ನೋಡ ನೀ. ನನ್ನ ಮಾತಿನಿಂದ ಕೂಸಿನ ಸಾಲಿ ತಪ್ಪಬೇಕೇನ? ಸುಮ್ಮನ ಕುಂತ್ರ ಆಕಿ ನನ್ನ ಹಂತ್ಯಾಕ ಬರೂದ ಬಿಡ್ತಾಳ. ನನಗೂ ನಾಕ ಇಂಗ್ಲಿಷ್ ಮಾತ ಕಲಸ, ತಂಗಿ."

ಒಲ್ಲೆ ಎನ್ನಬೇಕಿತ್ತು. ಕಲಿಸಿದೆ. ಕಮ್, ಸಿಟ್, ಈಟ್, ಗುಡ್ ಗರ್ಲ್, ಡೋಂಟ್ ಕ್ರೈ. ಮಗ್ಗದ ಸದ್ದಿನಲ್ಲಿ ಆಯಿ ನನ್ನ ತುಟಿ ನೋಡಿಯೇ ಅವನ್ನು ಕಲಿತಳು, ಮಗ್ಗ ಓಡುವಾಗ ನಾವೆಲ್ಲ ತಿಳಿದುಕೊಳ್ಳುವ ಹಾಗೆ. ಶಬ್ದ ಬಂದವು, ಅವನ್ನು ಯಾವ ದನಿಯಲ್ಲಿ ಅನ್ನಬೇಕೆಂಬುದು ಬರಲಿಲ್ಲ. ಕೆಚುವಾ ತಾಯಂದಿರನ್ನು ವೇದಿಕೆಯ ಮೇಲೆ ಉದಾಹರಣೆ ಮಾಡಿ ಕೊಟ್ಟವಳು ಈಗ ಮನೆಯಲ್ಲಿ ಕೂತು ಅಂಥವಳೊಬ್ಬಳನ್ನು ತಯಾರು ಮಾಡಿದೆ. ತಾಸುಗಟ್ಟಲೆ ಕತೆ ಹೇಳುತ್ತಿದ್ದ ಹೆಂಗಸು ಹತ್ತಿಪ್ಪತ್ತು ಶಬ್ದಗಳಿಗೆ ಬಂದು ನಿಂತಳು. ಹುಡುಗಿ ಮೊದಮೊದಲು ನಕ್ಕಳು. ಆಮೇಲೆ ಆಯಿಯ ಬಳಿ ಕತೆ ಕೇಳುವುದನ್ನೇ ಬಿಟ್ಟಳು.

ಹೋದ ವಾರ ಒಂದು ಮಧ್ಯಾಹ್ನ ಮಗ್ಗದಲ್ಲಿ ನೂಲು ಮುಗಿದು ಮನೆ ಸುಮ್ಮನಿತ್ತು. ಹುಡುಗಿ ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿಕೊಂಡಳು. ಆಯಿ ಓಡಿಹೋಗಿ ಎತ್ತಿಕೊಂಡಳು. ಬಾಯಿ ತೆರೆದಳು, ತಡೆದುಕೊಂಡಳು. ಆಮೇಲೆ "ಡೋಂಟ್ ಕ್ರೈ" ಎಂದಳು. ಇನ್ನೊಮ್ಮೆ, ಇನ್ನೂ ಜೋರಾಗಿ, "ಡೋಂಟ್ ಕ್ರೈ." ಹುಡುಗಿ ಬೆದರಿದವಳಂತೆ ಅವಳ ಮುಖ ನೋಡಿ, ಕೊಸರಿಕೊಂಡು ಕೆಳಗಿಳಿದು ತಾಯಿಯ ಕಡೆ ಓಡಿದಳು.

ಆಯಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನನ್ನನ್ನು ಕರೆದು ಕೇಳಿದಳು: "ತಂಗಿ, ಕೂಸಿನ್ನ ರಮಸೂ ಮಾತ ಇಂಗ್ಲಿಷ್‌ನ್ಯಾಗ ಬ್ಯಾರೆ ಇದ್ರ ಹೇಳ. ಇದು ಬೈದಂಗ ಆಗಾಕತ್ತೈತಿ."

ಯೋಚಿಸಿದೆ. ಆ ಭಾಷೆಯಲ್ಲಿ ನನಗೆ ಖಂಡಿಸಲು ಬರುತ್ತದೆ, ಎದುರಾಳಿಯ ಮಾತನ್ನು ಅವನ ಕೊರಳಿಗೇ ಸುತ್ತಲು ಬರುತ್ತದೆ. ಅಳುವ ಮಗುವಿಗೆ ಏನನ್ನಬೇಕೆಂದು ನನಗೆ ಯಾರೂ ಅದರಲ್ಲಿ ಹೇಳಿ ತೋರಿಸಿಲ್ಲ.

"ನನಗೂ ಬರೂದಿಲ್ಲ, ಆಯಿ."

"ನಿನಗೂ ಬರೂದಿಲ್ಲ?" ಎಂದು ಅವಳು ನನ್ನ ಮುಖವನ್ನೇ ನೋಡಿದಳು. ಒಳಗೆ ಹುಡುಗಿ ಇನ್ನೂ ಅಳುತ್ತಿದ್ದಳು.